ಯೂನಿಟಿಯಲ್ಲಿ ಆಟಗಾರನ ಸುತ್ತ ತಿರುಗುವ ಕ್ಯಾಮೆರಾ ಜಿಗಿಯುವುದೇಕೆ?

ಆಟ ತಯಾರಿಸುವ ತಂತ್ರಾಂಶವಾದ ಯೂನಿಟಿಯಲ್ಲಿ ಮೌಸ್ ಸರಿಸಿದಂತೆ ಆಟಗಾರನ ಸುತ್ತ ತಿರುಗಬೇಕಾದ ಕ್ಯಾಮೆರಾ, ಅವನ ಮಟ್ಟಕ್ಕಿಂತ ಕೆಳಗಿಳಿದ ಕೂಡಲೇ ಥಟ್ಟನೆ ನೆತ್ತಿಯ ಕಡೆಗೆ ಜಿಗಿಯುತ್ತದೆ, ಅವನು ಓಡುವಾಗ ದೃಶ್ಯ ಅದುರುತ್ತದೆ ಎಂದು ಕೇಳಿದ್ದೀರಿ. ಇವೆರಡಕ್ಕೂ ಕಾರಣ ಬೇರೆ ಬೇರೆ.

ನಿಮ್ಮ ಸ್ಕ್ರಿಪ್ಟ್ ಪ್ರತಿ ಫ್ರೇಮಿನಲ್ಲೂ ಟ್ರಾನ್ಸ್‌ಫಾರ್ಮ್‌ನಿಂದ (ವಸ್ತುವಿನ ಸ್ಥಾನ, ತಿರುವುಗಳನ್ನು ಹಿಡಿದಿಡುವ ಭಾಗ) ಯೂಲರ್ ಕೋನವನ್ನು (ಅಕ್ಷದ ಸುತ್ತಲಿನ ತಿರುವು, ಡಿಗ್ರಿಗಳಲ್ಲಿ) ಓದಿ, ಮೌಸ್ ಚಲನೆಯನ್ನು ಕೂಡಿಸಿ, ಫಲಿತವನ್ನು -30 ಮತ್ತು 70 ಡಿಗ್ರಿಗಳ ನಡುವೆ ಕ್ಲ್ಯಾಂಪ್ ಮಾಡುತ್ತಿದೆ, ಅಂದರೆ ಆ ಮಿತಿಯೊಳಗೆ ಹಿಡಿದಿಡುತ್ತಿದೆ. ಆದರೆ ಯೂನಿಟಿ ಆ ಕೋನವನ್ನು 0ಯಿಂದ 360ರೊಳಗಿನ ಸಂಖ್ಯೆಯಾಗಿ ಕೊಡುತ್ತದೆ. ನೀವು -10 ಎಂದುಕೊಂಡದ್ದು 350 ಆಗಿ ಬರುತ್ತದೆ; ಅದು 70ಕ್ಕಿಂತ ಹೆಚ್ಚಾದ್ದರಿಂದ ಕ್ಲ್ಯಾಂಪ್ ಅದನ್ನು 70ಕ್ಕೆ ಇಳಿಸುತ್ತದೆ, ಕ್ಯಾಮೆರಾ ಮೇಲಕ್ಕೆ ಹಾರುತ್ತದೆ. 180 ಮೀರಿದರೆ 360 ಕಳೆಯುವ ಉಪಾಯವನ್ನು ಹಲವರು ಹೇಳುತ್ತಾರಾದರೂ ನನಗೆ ಅದು ತೇಪೆಯ ಕೆಲಸವೆನಿಸುತ್ತದೆ. ಅಡ್ಡ ತಿರುಗುವ ಕೋನ, ಏರಿಳಿಯುವ ಕೋನ ಮತ್ತು ದೂರ ಈ ಮೂರನ್ನೂ ಸ್ಕ್ರಿಪ್ಟ್‌ನ ಸ್ವಂತ ವೇರಿಯಬಲ್‌ಗಳಲ್ಲಿ ಇಟ್ಟುಕೊಂಡು, ಟ್ರಾನ್ಸ್‌ಫಾರ್ಮ್‌ಗೆ ಬರೆಯುವುದೇ ಹೊರತು ಅದರಿಂದ ಎಂದೂ ಮರಳಿ ಓದದಿರುವುದು ನಾನು ಅನುಸರಿಸುವ ಕ್ರಮ. ಏರಿಳಿತದ ಕೋನವನ್ನು ಮಾತ್ರ ಕ್ಲ್ಯಾಂಪ್ ಮಾಡಿ, ಎರಡೂ ಕೋನಗಳನ್ನು ಕ್ವಾಟರ್ನಿಯನ್‌ನ (ಯೂನಿಟಿ ತಿರುಗುವಿಕೆಯನ್ನು ಇಟ್ಟುಕೊಳ್ಳುವ ರೂಪ) ಯೂಲರ್ ಫಂಕ್ಷನ್‌ಗೆ ಕೊಟ್ಟರೆ ತಿರುಗುವಿಕೆ ಸಿಗುತ್ತದೆ. ಅದನ್ನು ಮುಂದಿಕ್ಕಿನ ವೆಕ್ಟರ್‌ನಿಂದಲೂ ದೂರದಿಂದಲೂ ಗುಣಿಸಿ ಆಟಗಾರನ ಸ್ಥಾನದಿಂದ ಕಳೆದರೆ ಕ್ಯಾಮೆರಾ ನಿಲ್ಲಬೇಕಾದ ಜಾಗ ಸಿಗುತ್ತದೆ.

ಅದುರುವಿಕೆಗೆ, ಈ ಲೆಕ್ಕವನ್ನೆಲ್ಲ ಪ್ರತಿ ಫ್ರೇಮಿನಲ್ಲೂ ನಡೆಯುವ ಅಪ್‌ಡೇಟ್ ಫಂಕ್ಷನ್‌ನಿಂದ, ಎಲ್ಲ ಅಪ್‌ಡೇಟ್‌ಗಳೂ ಮುಗಿದ ಮೇಲೆ ನಡೆಯುವ ಲೇಟ್‌ಅಪ್‌ಡೇಟ್‌ಗೆ ಸಾಗಿಸಿ. ನಿಮ್ಮ ಆಟಗಾರ ರಿಜಿಡ್‌ಬಾಡಿ (ಭೌತಿಕ ಚಲನೆಯ ಲೆಕ್ಕದಂತೆ ಸರಿಯುವ ವಸ್ತು) ಆದ್ದರಿಂದ ಅಷ್ಟೇ ಸಾಲದು. ಭೌತಿಕ ಚಲನೆಯ ಲೆಕ್ಕ ಸಾಮಾನ್ಯವಾಗಿ 0.02 ಸೆಕೆಂಡಿಗೊಮ್ಮೆ ನಡೆಯುತ್ತದೆ. ಪರದೆ ಅದಕ್ಕಿಂತ ವೇಗವಾಗಿ ಬದಲಾಗುವಾಗ ಕೆಲವು ಫ್ರೇಮ್‌ಗಳಲ್ಲಿ ಆಟಗಾರ ನಿಂತಲ್ಲೇ ಇರುತ್ತಾನೆ. ಇನ್‌ಸ್ಪೆಕ್ಟರ್‌ನಲ್ಲಿ ರಿಜಿಡ್‌ಬಾಡಿಯ ಇಂಟರ್‌ಪೊಲೇಟ್ ಆಯ್ಕೆಯನ್ನು ಹಾಕಿ; ಅದು ಎರಡು ಲೆಕ್ಕಗಳ ನಡುವಿನ ಫ್ರೇಮ್‌ಗಳಲ್ಲೂ ಅವನನ್ನು ನಯವಾಗಿ ಸರಿಸುತ್ತದೆ.

ಮೌಸ್‌ನಿಂದ ಬರುವ ಸಂಖ್ಯೆಯನ್ನು ಡೆಲ್ಟಾ ಟೈಮ್‌ನಿಂದ (ಹಿಂದಿನ ಫ್ರೇಮಿನಿಂದ ಈಚೆಗೆ ಕಳೆದ ಸಮಯ) ಗುಣಿಸಬೇಡಿ. ಅದು ಆ ಫ್ರೇಮಿನಲ್ಲಿ ಮೌಸ್ ಸರಿದಷ್ಟೇ ಇರುತ್ತದೆ. ಗೇಮ್‌ಪ್ಯಾಡ್‌ನ ಕೋಲಿಗೆ ಮಾತ್ರ ಆ ಗುಣಾಕಾರ ಬೇಕು.

ಗೋಡೆಯೊಳಗೆ ಕ್ಯಾಮೆರಾ ನುಗ್ಗದಿರಲು ಆಟಗಾರನಿಂದ ಕ್ಯಾಮೆರಾದ ಕಡೆಗೆ ಸ್ಫಿಯರ್‌ಕಾಸ್ಟ್ (ಕಾಣದ ಗೋಳವೊಂದನ್ನು ಸಾಗಿಸಿ ಏನಾದರೂ ತಾಗುವುದೇ ಎಂದು ನೋಡುವ ಪರೀಕ್ಷೆ) ಹಾಯಿಸಿ, ಯಾವ ಪದರಗಳ ವಸ್ತುಗಳನ್ನು ಪರೀಕ್ಷಿಸಬೇಕೆಂದು ಹೇಳುವ ಲೇಯರ್ ಮಾಸ್ಕ್‌ನಲ್ಲಿ ಆಟಗಾರನ ಪದರವನ್ನು ಹೊರಗಿಡಿ. ತಾಗಿದ ದೂರವನ್ನು ಪ್ರತ್ಯೇಕ ವೇರಿಯಬಲ್‌ನಲ್ಲಿ ಹಿಡಿಯಿರಿ. ಮೂಲ ದೂರವನ್ನೇ ತಿದ್ದಿದರೆ ಗೋಡೆ ದಾಟಿದ ಮೇಲೂ ಕ್ಯಾಮೆರಾ ಆಟಗಾರನ ಬೆನ್ನಿಗೇ ಅಂಟಿಕೊಂಡಿರುತ್ತದೆ.