ಫಾರ್ಮ್ಯಾಟ್ ಮಾಡಿಸಿದರೆ ಎಲ್ಲವೂ ಅಳಿಸಿಹೋಗುತ್ತದೆಯೇ?

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ. 2016ರಲ್ಲಿ ಕೊಂಡ ಲ್ಯಾಪ್‌ಟಾಪ್ ಈಗ ಬಹಳ ನಿಧಾನವಾಗಿದೆ. ಅದರಲ್ಲಿ ಆರನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್ ಮತ್ತು 500 ಜಿಬಿ ಹಾರ್ಡ್ ಡಿಸ್ಕ್ ಇವೆ. ಹೊಸದನ್ನು ತೆಗೆದುಕೊಂಡಿರುವುದರಿಂದ ಇದನ್ನು ಪಿಯುಸಿ ಓದುತ್ತಿರುವ ತಮ್ಮನ ಮಗಳಿಗೆ ಕೊಡಬೇಕೆಂದಿದ್ದೇನೆ. ಬ್ಯಾಂಕಿನ ವಿವರ, ಆಧಾರ್ ಪ್ರತಿ, ಪಿಂಚಣಿ ಕಾಗದಪತ್ರ, ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹತ್ತು ವರ್ಷದ ಪಾಠ ಟಿಪ್ಪಣಿ ಎಲ್ಲವೂ ಅದರಲ್ಲೇ ಇವೆ. ಅಂಗಡಿಯವರು ‘ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿಕೊಡುತ್ತೇವೆ’ ಎನ್ನುತ್ತಾರೆ. ಅಷ್ಟು ಸಾಕೇ?

ಉತ್ತರ: ಸಾಲದು. ಅಂಗಡಿಗಳಲ್ಲಿ ‘ಫಾರ್ಮ್ಯಾಟ್’ ಎಂದರೆ ಸಾಮಾನ್ಯವಾಗಿ ಸಿ ಡ್ರೈವನ್ನು ಮಾತ್ರ ಖಾಲಿ ಮಾಡಿ, ಅದರ ಮೇಲೆ ವಿಂಡೋಸ್ ಹಾಕುವುದು ಎಂದರ್ಥ. ಗ್ರಾಹಕರ ಕಡತಗಳು ಉಳಿಯಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಡಿ ಡ್ರೈವನ್ನು ಮುಟ್ಟದೆ ಬಿಡುತ್ತಾರೆ. ನಿಮ್ಮ ಪಿಂಚಣಿ ಕಾಗದಗಳು ಡಿಯಲ್ಲಿದ್ದರೆ ಅವು ಇದ್ದಂತೆಯೇ ಆ ಹುಡುಗಿಯ ಕೈಗೆ, ಮುಂದೊಂದು ದಿನ ಆಕೆ ಅದನ್ನು ಮಾರಿದರೆ ಅಪರಿಚಿತರ ಕೈಗೆ ಹೋಗುತ್ತವೆ. ಸಿ ಡ್ರೈವಿನಲ್ಲಿದ್ದುದೂ ನಿಜವಾಗಿ ಅಳಿದಿರುವುದಿಲ್ಲ. ಕ್ಷಣಾರ್ಧದಲ್ಲಿ ಮುಗಿಯುವ ‘ಕ್ವಿಕ್ ಫಾರ್ಮ್ಯಾಟ್’ ಯಾವ ಕಡತ ಎಲ್ಲಿದೆ ಎಂಬ ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ. ಪಹಣಿಯಿಂದ ಹೆಸರು ತೆಗೆದ ಮಾತ್ರಕ್ಕೆ ಹೊಲದಲ್ಲಿರುವ ಬೆಳೆ ಹೋಗುವುದಿಲ್ಲವಲ್ಲ, ಇದೂ ಹಾಗೆಯೇ. ಉಚಿತವಾಗಿ ಸಿಗುವ ಮರುಪಡೆಯುವ ತಂತ್ರಾಂಶಗಳು ಅಂಥ ಡಿಸ್ಕಿನಿಂದ ಫೋಟೊ, ಪಿಡಿಎಫ್‌ಗಳನ್ನು ಸುಲಭವಾಗಿ ಹೊರತೆಗೆಯುತ್ತವೆ.

ಈ ಎಚ್ಚರಿಕೆ ಅತಿಯಾಯಿತೆಂದು ದಯವಿಟ್ಟು ಭಾವಿಸಬೇಡಿ. ಅಮೆರಿಕದ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿಯ ಇಬ್ಬರು ಸಂಶೋಧಕರು ಬಳಸಿ ಮಾರಿದ 158 ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ಪರಿಶೀಲಿಸಿ, 2003ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕೆಲಸ ಮಾಡುತ್ತಿದ್ದ 129 ಡಿಸ್ಕ್‌ಗಳಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಸಿಕ್ಕಿದ್ದವು.

ಅಳಿಸುವುದಕ್ಕೆ ಮೊದಲು ಬೇಕಾದುದನ್ನೆಲ್ಲ ಹೊರಗೆ ತೆಗೆದಿಡಬೇಕು. ಜನ ಹೆಚ್ಚಾಗಿ ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳು ಎಲ್ಲರಿಗೂ ನೆನಪಾಗುತ್ತವೆ. ಡೆಸ್ಕ್‌ಟಾಪ್ ಮೇಲಿರುವುದು, ಡೌನ್‌ಲೋಡ್ಸ್‌ನಲ್ಲಿ ಉಳಿದ ರಸೀದಿಗಳು, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ನೆನಪಾಗುವುದಿಲ್ಲ. ಮನೆಯಲ್ಲಿ ಯಾರಾದರೂ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಬಳಸುತ್ತಿದ್ದರೆ ಅದರ ಡೇಟಾ ಫೋಲ್ಡರನ್ನು ನಕಲು ಮಾಡುವುದರ ಜೊತೆಗೆ, ಲೈಸೆನ್ಸನ್ನು ಆ ಗಣಕದಿಂದ ‘ಸರೆಂಡರ್’ ಮಾಡಿ ಬಿಡಿಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಹೊಸ ಯಂತ್ರದಲ್ಲಿ ಅದನ್ನು ಸಕ್ರಿಯಗೊಳಿಸುವಾಗ ತೊಡಕಾಗುತ್ತದೆ.

ನಿಮ್ಮ ಪಾಠ ಟಿಪ್ಪಣಿಗಳ ವಿಷಯ ಇವೆಲ್ಲಕ್ಕಿಂತ ಮುಖ್ಯ. ಹಳೆಯ ನುಡಿ ಅಥವಾ ಬರಹದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತದೊಳಗೆ ಕನ್ನಡ ಅಕ್ಷರಗಳೇ ಇರುವುದಿಲ್ಲ. ಅಲ್ಲಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳು. ಆ ಫಾಂಟ್ ಇದ್ದರೆ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಕಡತವನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡು ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದಾಗ ಪುಟದ ತುಂಬ ಅರ್ಥವಿಲ್ಲದ ಅಕ್ಷರಗಳೇ ಕಂಡು ಗಾಬರಿಯಾದವರು ಬಹಳ ಮಂದಿ. ಆದ್ದರಿಂದ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಲ್ಲಿ ‘ನುಡಿ’ ಎಂದು ಆರಂಭವಾಗುವ ಎಲ್ಲ ಫಾಂಟ್‌ಗಳನ್ನೂ ನಕಲು ಮಾಡಿಟ್ಟುಕೊಳ್ಳಿ. ಬಿಡುವಾದಾಗ ಟಿಪ್ಪಣಿಗಳನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡ್‌ಗೆ, ಅಂದರೆ ಎಲ್ಲ ಗಣಕಗಳಲ್ಲೂ ಕನ್ನಡವಾಗಿಯೇ ಕಾಣುವ ಸಂಕೇತ ಕ್ರಮಕ್ಕೆ, ಬದಲಾಯಿಸಿ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಒಮ್ಮೊಮ್ಮೆ ಪಲ್ಲಟವಾಗುವುದರಿಂದ ಮೂಲ ಕಡತಗಳನ್ನು ಅಳಿಸದೆ ಜೊತೆಗೇ ಇಟ್ಟುಕೊಳ್ಳುವುದು ಕ್ಷೇಮ. ನಕಲು ಮುಗಿದ ಮೇಲೆ ಹೊಸ ಲ್ಯಾಪ್‌ಟಾಪ್‌ನಲ್ಲಿ ನಾಲ್ಕಾರು ಕಡತಗಳನ್ನು ತೆರೆದು ಓದಿ ನೋಡಿದ ಹೊರತು ಮುಂದಿನ ಹೆಜ್ಜೆ ಇಡಬೇಡಿ.

ಇನ್ನು ಅಳಿಸುವ ಕ್ರಮ. ಡಿಸ್ಕಿನ ಪ್ರತಿಯೊಂದು ಭಾಗದ ಮೇಲೂ ಸೊನ್ನೆ ಬರೆದರೆ ಹಳೆಯ ಮಾಹಿತಿ ಹೋಗುತ್ತದೆ. 35 ಸಲ ಬರೆಯಬೇಕೆಂಬ ಮಾತು ಪೀಟರ್ ಗುಟ್‌ಮನ್ ಅವರ 1996ರ ಪ್ರಬಂಧದಿಂದ ಹಬ್ಬಿದ್ದು, ಅದು ಅಂದಿನ ಡಿಸ್ಕ್‌ಗಳ ಕಾಲದ್ದು. ಇಂದಿನ ಹಾರ್ಡ್ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ ಒಂದೇ ಸಲ ಬರೆದರೆ ಸಾಕೆಂದು ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್‌ನ 2014ರ ಮಾರ್ಗಸೂಚಿ ಹೇಳುತ್ತದೆ. ಇದಕ್ಕೆ ಪ್ರತ್ಯೇಕ ತಂತ್ರಾಂಶ ಕೊಳ್ಳಬೇಕಾಗಿಲ್ಲ. 8 ಜಿಬಿಯ ಪೆನ್ ಡ್ರೈವ್‌ನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಸಿದ್ಧಪಡಿಸಿ ಅದರಿಂದಲೇ ಲ್ಯಾಪ್‌ಟಾಪ್ ಆರಂಭವಾಗುವಂತೆ ಬೂಟ್ ಮಾಡಿ. ಮೊದಲ ಪರದೆ ಬಂದಾಗ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಪ್ಪು ಕಿಟಕಿಯೊಂದು ತೆರೆಯುತ್ತದೆ. ಅಲ್ಲಿ ಡಿಸ್ಕ್ ನಿರ್ವಹಣೆಯ ‘ಡಿಸ್ಕ್‌ಪಾರ್ಟ್’ (diskpart) ಆದೇಶವನ್ನು ನಡೆಸಿ, ‘ಲಿಸ್ಟ್ ಡಿಸ್ಕ್’ ಎಂದು ಕೊಟ್ಟು ಗಾತ್ರಗಳನ್ನು ನೋಡಿ. ಸುಮಾರು 465 ಜಿಬಿ ಎಂದು ತೋರುವುದೇ ನಿಮ್ಮ ಡಿಸ್ಕ್. ಅದನ್ನು ಆಯ್ದು ‘ಕ್ಲೀನ್ ಆಲ್’ ಎಂದು ಕೊಡಿ. ಬರೀ ‘ಕ್ಲೀನ್’ ಎಂದರೆ ಡಿಸ್ಕನ್ನು ಸಿ, ಡಿ ಎಂದು ಭಾಗ ಮಾಡಿದ ಪಾರ್ಟಿಷನ್ ವಿವರ ಮಾತ್ರ ಹೋಗುತ್ತದೆ, ‘ಆಲ್’ ಸೇರಿಸಲೇಬೇಕು. 500 ಜಿಬಿಗೆ ಒಂದೂವರೆ ಎರಡು ಗಂಟೆ, ಡಿಸ್ಕ್ ಹಳತಾಗಿದ್ದರೆ ಇನ್ನೂ ಹೆಚ್ಚು ಹಿಡಿಯುತ್ತದೆ. ಅಷ್ಟು ಹೊತ್ತೂ ಪರದೆಯಲ್ಲಿ ಏನೂ ಕದಲುವುದಿಲ್ಲವಾದರೂ ಕೆಟ್ಟುನಿಂತಿದೆಯೆಂದು ಆಫ್ ಮಾಡಬೇಡಿ. ಚಾರ್ಜರ್ ಹಾಕಿಟ್ಟಿರಿ. ಬ್ಯಾಕಪ್ ತೆಗೆದ ಡಿಸ್ಕನ್ನು ಮಾತ್ರ ಮೊದಲೇ ಕಳಚಿ ಬೇರೆ ಕೋಣೆಯಲ್ಲಿಡಿ. ಏಕೆಂದರೆ ಈ ಆದೇಶ ‘ಖಚಿತವೇ’ ಎಂದು ಕೇಳದೆ ಕೆಲಸ ಶುರುಮಾಡುತ್ತದೆ, ಆಮೇಲೆ ಹಿಂದಿರುಗುವ ದಾರಿಯಿಲ್ಲ.

ಮತ್ತೆ ಯಾವ ಕಾರ್ಯಾಚರಣ ವ್ಯವಸ್ಥೆ (ಆಪರೇಟಿಂಗ್ ಸಿಸ್ಟಂ) ಹಾಕಬೇಕು? ವಿಂಡೋಸ್ 11 ಆರನೇ ತಲೆಮಾರಿನ ಐ3ಯನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಪಿಯುಸಿ ವಿದ್ಯಾರ್ಥಿನಿ ನೋಟ್ಸ್ ಬರೆಯಲು, ಅಂತರ್ಜಾಲ ನೋಡಲು, ವಿಡಿಯೊ ಪಾಠ ಕೇಳಲು ವಿಂಡೋಸ್ ಬದಲು ಬಳಸಬಹುದಾದ ಉಚಿತ ವ್ಯವಸ್ಥೆ ಲಿನಕ್ಸ್ ಮಿಂಟ್ ಧಾರಾಳವಾಗಿ ಸಾಲುತ್ತದೆ. ಅದರ ಹಗುರ ಆವೃತ್ತಿಯಾದ ಎಕ್ಸ್‌ಎಫ್‌ಸಿಇ 4 ಜಿಬಿ ರ್‍ಯಾಮ್‌ನಲ್ಲಿ ಚೆನ್ನಾಗಿ ನಡೆಯುತ್ತದೆ, ಯೂನಿಕೋಡ್ ಕನ್ನಡವನ್ನೂ ಟೈಪ್ ಮಾಡಬಹುದು. ಕದ್ದ ವಿಂಡೋಸ್ ಹಾಕಿಕೊಡುತ್ತೇವೆಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಅದನ್ನು ಸಕ್ರಿಯಗೊಳಿಸಲು ಬಳಸುವ ‘ಕ್ರ್ಯಾಕ್’ಗಳ ಜೊತೆಯಲ್ಲೇ ಪಾಸ್‌ವರ್ಡ್ ಕದಿಯುವ ತಂತ್ರಾಂಶಗಳು ಬರುವುದುಂಟು, ಆ ಮಗು ಅದರಲ್ಲೇ ತನ್ನ ಖಾತೆಗಳನ್ನು ತೆರೆಯಬೇಕಾಗುತ್ತದೆ.

ನನ್ನನ್ನೇ ಕೇಳಿದರೆ, ಇನ್ನೂ ಸರಳವಾದ ದಾರಿಯಿದೆ. ಹಳೆಯ ಹಾರ್ಡ್ ಡಿಸ್ಕನ್ನು ಬಿಚ್ಚಿಸಿ ನೀವೇ ಇಟ್ಟುಕೊಳ್ಳಿ, ಅದರ ಜಾಗದಲ್ಲಿ ಎರಡೂವರೆ ಇಂಚಿನ ಸಣ್ಣ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ, ವೇಗದ ಡಿಸ್ಕ್) ಹಾಕಿಸಿ. ಅಳಿಸುವ ಪ್ರಶ್ನೆಯೇ ಉಳಿಯುವುದಿಲ್ಲ, ಲ್ಯಾಪ್‌ಟಾಪ್‌ನ ನಿಧಾನಗತಿಗೆ ದೊಡ್ಡ ಕಾರಣವೂ ತೊಲಗುತ್ತದೆ. ಬಿಚ್ಚಿದ ಡಿಸ್ಕಿಗೆ ಯುಎಸ್‌ಬಿ ಕೇಸ್ ಹಾಕಿಕೊಂಡರೆ ಮರೆತ ಕಡತವನ್ನು ಯಾವಾಗ ಬೇಕಾದರೂ ತೆಗೆಯಬಹುದು.

ಪ್ರಶ್ನೆ: ಎಸ್‌ಎಸ್‌ಡಿ ಇರುವ, ವಿಂಡೋಸ್ 11ರ ಲ್ಯಾಪ್‌ಟಾಪ್ ಮಾರುತ್ತಿದ್ದೇನೆ. ಅದಕ್ಕೂ ಇದೇ ವಿಧಾನವೇ? ವಿಂಡೋಸ್ ಕೀ (ಪರವಾನಗಿ ಸಂಕೇತ) ಮತ್ತೆ ಕೊಳ್ಳಬೇಕೇ?

ಉತ್ತರ: ಎಸ್‌ಎಸ್‌ಡಿಗೆ ಸೊನ್ನೆ ಬರೆಯುವುದನ್ನು ನೆಚ್ಚಿಕೊಳ್ಳಬೇಡಿ. ಸವೆತವನ್ನು ಹಂಚಲು ಅದು ಬರೆಯುವ ಜಾಗವನ್ನು ತಾನೇ ಬದಲಾಯಿಸುತ್ತಿರುತ್ತದೆ, ಮೀಸಲು ಜಾಗವನ್ನೂ ಇಟ್ಟುಕೊಂಡಿರುತ್ತದೆ. ಹಾಗಾಗಿ ಹಳೆಯ ಮಾಹಿತಿಯ ತುಣುಕುಗಳು ಉಳಿಯಬಹುದು. ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ, ‘ಸೆಕ್ಯೂರ್ ಇರೇಸ್’ ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಎಸ್‌ಎಸ್‌ಡಿ ತಯಾರಕರ ಉಪಕರಣವನ್ನು ಬಳಸಿ. ಅದಕ್ಕೂ ಮೊದಲು ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಸಾಧನಗಳ ಪಟ್ಟಿಯಿಂದ ಈ ಲ್ಯಾಪ್‌ಟಾಪನ್ನು ತೆಗೆದುಹಾಕಿ.

ಕೀ ಕೊಳ್ಳಬೇಕಾಗಿಲ್ಲ. ವಿಂಡೋಸ್ ಸಮೇತ ಬಂದ ಲ್ಯಾಪ್‌ಟಾಪ್ ಆದರೆ ಅದು ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ಇನ್‌ಸ್ಟಾಲರ್ ಕೇಳಿದರೆ ‘ನನ್ನ ಬಳಿ ಕೀ ಇಲ್ಲ’ ಎಂಬುದನ್ನು ಒತ್ತಿ, ಮೊದಲಿದ್ದ ಹೋಮ್ ಅಥವಾ ಪ್ರೊ ಆವೃತ್ತಿಯನ್ನೇ ಆರಿಸಿದರೆ ಅಂತರ್ಜಾಲ ಸಿಕ್ಕಿದೊಡನೆ ತಾನಾಗಿ ಸಕ್ರಿಯವಾಗುತ್ತದೆ. ಹನ್ನೊಂದನೇ ತಲೆಮಾರಿನ ಮತ್ತು ಅದರ ನಂತರದ ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಆರಿಸುವ ಪರದೆ ಖಾಲಿಯಾಗಿ ಕಾಣುತ್ತದೆ. ಎಸ್‌ಎಸ್‌ಡಿ ಕೆಟ್ಟಿದೆಯೆಂದು ಹೊಸದಕ್ಕೆ ಹಣ ಕೊಡುವ ಮೊದಲು, ತಯಾರಕರ ಜಾಲತಾಣದಿಂದ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿದ ಕಡತಗಳನ್ನು ಅದೇ ಪೆನ್ ಡ್ರೈವ್‌ಗೆ ಹಾಕಿ, ‘ಲೋಡ್ ಡ್ರೈವರ್’ ಒತ್ತಿ ತೋರಿಸಿ. ಡಿಸ್ಕ್ ಕಾಣಿಸುತ್ತದೆ. ಇನ್‌ಸ್ಟಾಲ್ ಆದ ಮೇಲೆ ವೈ-ಫೈ ಸಿಗದಿದ್ದರೆ, ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಮೂಲಕ ಉಳಿದ ಡ್ರೈವರ್‌ಗಳನ್ನು ಇಳಿಸಿಕೊಳ್ಳಬಹುದು.