ಹೋಫ್‌ಗೆ ಓದೋಕೆ ಬರುವವರಿಗೆ: ಪಕ್ಕದ ಮ್ಯೋಡ್ಲರಾಯ್ಟ್ ಹಳ್ಳಿಯ ಬಗ್ಗೆ

ಜರ್ಮನಿಯ ಬವೇರಿಯಾ ರಾಜ್ಯದ ಹೋಫ್ ಪಟ್ಟಣದಲ್ಲಿ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ, ಆದರೆ ಸುತ್ತಮುತ್ತ ಬರೀ ಹಳ್ಳಿಗಳಂತೆ, ಬೇಜಾರಾಗಲ್ವಾ ಅಂತ ಕೇಳಿದ್ದೀರಿ. ಹಳ್ಳಿಗಳು ಇರುವುದು ನಿಜ. ಆದರೆ ಈ ದೇಶ ಅರ್ಥವಾಗಬೇಕಾದರೆ ಅವನ್ನೇ ನೋಡಬೇಕು. ಮೊದಲು ಮ್ಯೋಡ್ಲರಾಯ್ಟ್‌ಗೆ ಹೋಗಿ ಬನ್ನಿ. ಹೋಫ್‌ನಿಂದ ಉತ್ತರಕ್ಕೆ ಸುಮಾರು 15 ಕಿ.ಮೀ. ಇರೋದು ಐವತ್ತರ ಆಸುಪಾಸು ಜನ.

ಊರಿನ ನಡುವೆ ಟಾನ್‌ಬಾಖ್ ಅನ್ನೋ ತೊರೆ ಹರಿಯುತ್ತದೆ. ತುಂಬಾ ಚಿಕ್ಕದು, ಹಾರಿ ದಾಟಬಹುದು. 1810ರಲ್ಲಿ ಇದನ್ನೇ ಗಡಿ ಮಾಡಿ ಕಲ್ಲು ನೆಟ್ಟರು. ಒಂದು ಕಡೆ ಬವೇರಿಯಾ ರಾಜ್ಯ, ಇನ್ನೊಂದು ಕಡೆ ರಾಯ್ಸ್ ಎಂಬ ಪುಟ್ಟ ಸಂಸ್ಥಾನ. ಗಡಿ ಇದ್ದರೂ ಊರಿನವರಿಗೆ ಅದರಿಂದ ದೊಡ್ಡ ತೊಂದರೆ ಇರಲಿಲ್ಲ. ಇದ್ದದ್ದು ಒಂದೇ ಶಾಲೆ, ಒಂದೇ ಹೋಟೆಲು. ಎರಡೂ ರಾಯ್ಸ್ ಕಡೆ, ಅಂದರೆ ಈಗಿನ ಥುರಿಂಗಿಯಾ ರಾಜ್ಯದ ಕಡೆಗಿದ್ದವು. ಬವೇರಿಯಾ ಕಡೆಯ ಮಕ್ಕಳು ತೊರೆ ದಾಟಿ ಶಾಲೆಗೆ ಹೋಗುತ್ತಿದ್ದರು, ಅಷ್ಟೇ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಎಲ್ಲ ಬದಲಾಯಿತು. ಬವೇರಿಯಾ ಅಮೆರಿಕದವರ ಪಾಲಿಗೆ ಬಂತು, ಥುರಿಂಗಿಯಾ ಸೋವಿಯತ್ ಪಾಲಿಗೆ. 1949ರಲ್ಲಿ ಜರ್ಮನಿ ಪೂರ್ವ, ಪಶ್ಚಿಮ ಅಂತ ಎರಡು ದೇಶವಾದಾಗ ಈ ತೊರೆಯೇ ದೇಶದ ಗಡಿಯಾಯಿತು. 1952ರಲ್ಲಿ ಪೂರ್ವದವರು, ಅಂದರೆ ಥುರಿಂಗಿಯಾ ಕಡೆಯವರು, ಹಲಗೆ ಬೇಲಿ ಹಾಕಿದರು. 1966ರಲ್ಲಿ ಅದರ ಜಾಗದಲ್ಲಿ ಕಾಂಕ್ರೀಟ್ ಗೋಡೆ ಎದ್ದಿತು, 700 ಮೀಟರ್ ಉದ್ದ, 3 ಮೀಟರಿಗಿಂತ ಎತ್ತರ. ಪೂರ್ವದ ಕಡೆಯವರು ಆಚೆ ಮನೆಯವರಿಗೆ ಕೈ ಬೀಸುವಂತೆಯೂ ಇರಲಿಲ್ಲ. ಎದುರುಮನೆಯಲ್ಲಿ ನೆಂಟರು ಇದ್ದಾರೆ, ಕಣ್ಣಿಗೆ ಕಾಣುತ್ತಾರೆ, ಆದರೂ ಮಾತಿಲ್ಲ. ಯೋಚಿಸಿ ನೋಡಿ, ಎಂಥ ಸಂಕಟ! ಅಮೆರಿಕದ ಸೈನಿಕರು ಈ ಊರನ್ನು 'ಪುಟ್ಟ ಬರ್ಲಿನ್' ಅಂತಲೇ ಕರೆಯುತ್ತಿದ್ದರು, ಬರ್ಲಿನ್ ನಗರವನ್ನೂ ಹೀಗೇ ಗೋಡೆ ಸೀಳಿತ್ತಲ್ಲ. 1983ರಲ್ಲಿ ಅಮೆರಿಕದ ಆಗಿನ ಉಪಾಧ್ಯಕ್ಷ ಜಾರ್ಜ್ ಬುಷ್ ಇಲ್ಲಿಗೆ ಬಂದು ಗೋಡೆ ನೋಡಿ ಹೋದರು.

ಬರ್ಲಿನ್ ಗೋಡೆ 1989ರ ನವೆಂಬರ್ 9ರಂದು ತೆರೆಯಿತು. ಇಲ್ಲಿನವರು ಇನ್ನೂ ಒಂದು ತಿಂಗಳು ಕಾಯಬೇಕಾಯಿತು. ಡಿಸೆಂಬರ್ 9ರಂದು ಗೋಡೆಯಲ್ಲಿ ನಡೆದು ದಾಟಲು ದಾರಿ ಬಿಟ್ಟರು. ಮರುವರ್ಷ ಜೂನ್‌ನಲ್ಲಿ ಗೋಡೆ ಕೆಡವಿದರು, ಒಂದು ತುಂಡನ್ನು ಮಾತ್ರ ಹಾಗೇ ಉಳಿಸಿಕೊಂಡರು. ಈಗ ಅದು ಮ್ಯೂಸಿಯಂನ ಭಾಗ. ಕಾವಲು ಗೋಪುರ, ತಂತಿ ಬೇಲಿ ಎಲ್ಲ ಬಯಲಲ್ಲೇ ನಿಂತಿವೆ. ಫೋಟೋ ತೆಗೆದು ಓಡಿಬರಬೇಡಿ. ಗೋಡೆಯ ಬುಡದಲ್ಲಿ ನಿಂತು ತೊರೆ ಕಡೆ ನೋಡಿ. ಎಷ್ಟು ಸಣ್ಣ ನೀರಿಗೆ ಎಷ್ಟು ದೊಡ್ಡ ಅಡ್ಡ ಕಟ್ಟಿದ್ದರು ಅಂತ ಆಗಲೇ ಗೊತ್ತಾಗೋದು.

ಗಡಿ ಈಗಲೂ ಇದೆ, ಎರಡು ರಾಜ್ಯಗಳ ನಡುವಿನ ಗಡಿ. ಇಷ್ಟು ಸಣ್ಣ ಊರಿಗೆ ಎರಡು ಪಿನ್‌ಕೋಡ್, ಇಬ್ಬರು ಮೇಯರ್. ಈ ಕಡೆ ಕಾರಿನ ನಂಬರ್ ಪ್ಲೇಟು ಬೇರೆ, ಆ ಕಡೆಯದು ಬೇರೆ. ಜನವರಿ 6ರಂದು ಬವೇರಿಯಾದಲ್ಲಿ ರಜೆ, ಆಚೆ ದಡದಲ್ಲಿ ಮಾಮೂಲಿ ದಿನ. ಅಕ್ಟೋಬರ್ 31ಕ್ಕೆ ಇದೇ ಉಲ್ಟಾ. ಹಬ್ಬ, ಶಾಲೆ, ಪೊಲೀಸ್ ಎಲ್ಲ ಇಲ್ಲಿ ರಾಜ್ಯಕ್ಕೆ ಸೇರಿದ್ದು. 'ಜರ್ಮನಿಯಲ್ಲಿ ಹೀಗಂತೆ' ಅಂತ ಯಾರಾದರೂ ಹೇಳಿದರೆ, ಯಾವ ರಾಜ್ಯದಲ್ಲಿ ಅಂತ ಕೇಳೋ ಅಭ್ಯಾಸ ಮಾಡಿಕೊಳ್ಳಿ.

ಹಳ್ಳಿ ಬದುಕಿನ ಬಗ್ಗೆಯೂ ಹೇಳುತ್ತೇನೆ. ದಾರಿಯಲ್ಲಿ ಎದುರಾದವರಿಗೆ, ಪರಿಚಯ ಇಲ್ಲದಿದ್ದರೂ, ನಮಸ್ಕಾರ ಹೇಳಿ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ದಿನಸಿ ತಂದಿಡಿ. ಭಾನುವಾರ ಡ್ರಿಲ್ಲಿಂಗ್, ಹುಲ್ಲು ಕತ್ತರಿಸೋದು ಯಾವುದೂ ಬೇಡ. ಹಳ್ಳಿಗಳಲ್ಲಿ ಬೆಂಕಿ ಆರಿಸುವವರು ಸಂಬಳದವರಲ್ಲ, ಊರಿನವರೇ. ಆ ಸಂಘಕ್ಕೆ ಸೇರಿದರೆ ಗೆಳೆಯರು ಬೇಗ ಸಿಗುತ್ತಾರೆ, ಜರ್ಮನ್ ಭಾಷೆಯೂ ಬರುತ್ತದೆ. ನೀವು ಸಸ್ಯಾಹಾರಿಯಾದರೆ ಹೋಟೆಲಿನಲ್ಲಿ ಕ್ಲೋಸ್ ಕೇಳಿ. ತುರಿದ ಆಲೂಗಡ್ಡೆ ಹಿಂಡಿ, ಉಂಡೆ ಕಟ್ಟಿ, ಒಳಗೆ ಹುರಿದ ಬ್ರೆಡ್ ಚೂರು ಇಟ್ಟು ಬಿಸಿನೀರಲ್ಲಿ ಬೇಯಿಸುತ್ತಾರೆ. ಮೇಲೆ ಹಾಕೋ ಸಾರು ಸಾಮಾನ್ಯವಾಗಿ ಮಾಂಸದ್ದು, ಅದು ಬೇಡ ಅಂತ ಮೊದಲೇ ಹೇಳಿಬಿಡಿ.

ಚಳಿ ಮಾತ್ರ ಜಾಸ್ತಿ. ಈ ಭಾಗವನ್ನು ಬವೇರಿಯಾದ ಸೈಬೀರಿಯಾ ಅನ್ನುತ್ತಾರೆ. ದಪ್ಪ ಜಾಕೆಟ್ ಇಲ್ಲಿಗೆ ಬಂದೇ ಕೊಳ್ಳಿ, ಊರಿನಿಂದ ಹೊತ್ತು ತರಬೇಡಿ.

ಇನ್ನು ಮನೆ ವಿಷಯ. ಬಾಡಿಗೆ ಕಮ್ಮಿ ಅಂತ ಥುರಿಂಗಿಯಾ ಕಡೆ ರೂಮು ಹಿಡಿದರೆ ನಿಮ್ಮ ವೀಸಾ ನೋಡಿಕೊಳ್ಳೋ ಕಚೇರಿಯೇ ಬೇರೆಯಾಗುತ್ತದೆ. ವಾರದ ಕೊನೆಯಲ್ಲಿ ಹಳ್ಳಿಗಳಿಗೆ ಬಸ್ಸು ಬಹಳ ಕಮ್ಮಿ. ಮೊದಲ ವರ್ಷ ಹೋಫ್ ಪಟ್ಟಣದಲ್ಲೇ ಇರಿ. ರೂಮಿಗೆ ಬಂದು ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರೋ ಪತ್ರ ಬೇಕೇ ಬೇಕು. ಮುಂಗಡ ಕೊಡೋ ಮೊದಲೇ ಆ ಪತ್ರ ಕೊಡ್ತೀರಾ ಅಂತ ಕೇಳಿಕೊಳ್ಳಿ.