ಕ್ಯಾಡ್ ಪ್ರಶ್ನೋತ್ತರ: ಗೆರೆ ಮೂಲೆಗೆ ಕೂರುತ್ತಿಲ್ಲ

ಪ್ರಶ್ನೆ: ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಆಟೊಕ್ಯಾಡ್‌ನಲ್ಲಿ ಮನೆ ಪ್ಲಾನ್ ಹಾಕುವಾಗ ಆಬ್ಜೆಕ್ಟ್ ಸ್ನ್ಯಾಪ್ (ಗೆರೆಯ ತುದಿ, ನಡುವಿನಂಥ ಬಿಂದುಗಳಿಗೆ ಕರ್ಸರ್ ಅಂಟಿಸುವ ಸೌಲಭ್ಯ) ಆನ್ ಇರುತ್ತದೆ. ಆದರೂ ಝೂಮ್ ಮಾಡಿದರೆ ಗೋಡೆಯ ಗೆರೆಗಳ ನಡುವೆ ಮೂಲೆಯಲ್ಲಿ ಸಣ್ಣ ಸಂದು. ಹ್ಯಾಚ್ (ಮುಚ್ಚಿದ ಜಾಗದೊಳಗೆ ತುಂಬುವ ಗೆರೆ ವಿನ್ಯಾಸ) ಕೂರುವುದಿಲ್ಲ. ಸ್ನ್ಯಾಪ್ ಪಟ್ಟಿಯಲ್ಲಿ ಎಲ್ಲಕ್ಕೂ ಟಿಕ್ ಹಾಕಿದ್ದೇನೆ. ತಪ್ಪೆಲ್ಲಿ?
– ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಎಲ್ಲಕ್ಕೂ ಟಿಕ್ ಹಾಕಿದ್ದೇ ತಪ್ಪು. ಪಟ್ಟಿಯಲ್ಲಿರುವ ನಿಯರೆಸ್ಟ್, ಗೆರೆಯ ಮೇಲೆ ಕರ್ಸರ್‌ಗೆ ಹತ್ತಿರ ಸಿಕ್ಕ ಬಿಂದುವನ್ನೇ ಹಿಡಿದುಬಿಡುತ್ತದೆ. ಕ್ಲಿಕ್ ಮಾಡುವ ಮುನ್ನ ಗುರುತು ನೋಡಿ: ಚೌಕ ಕಂಡರೆ ಎಂಡ್‌ಪಾಯಿಂಟ್, ತ್ರಿಕೋನ ಕಂಡರೆ ಮಿಡ್‌ಪಾಯಿಂಟ್, ಡಮರುವಿನಂಥದ್ದು ಕಂಡರೆ ನಿಯರೆಸ್ಟ್. ಓ-ಎಸ್ (OS) ಟೈಪ್ ಮಾಡಿ ಎಂಟರ್ ಒತ್ತಿದರೆ ಸ್ನ್ಯಾಪ್ ಪಟ್ಟಿ ತೆರೆಯುತ್ತದೆ. ಎಂಡ್‌ಪಾಯಿಂಟ್, ಮಿಡ್‌ಪಾಯಿಂಟ್, ಸೆಂಟರ್, ಇಂಟರ್‌ಸೆಕ್ಷನ್ ನಾಲ್ಕನ್ನು ಮಾತ್ರ ಉಳಿಸಿ.

ಇನ್ನೊಂದು ವಿಷಯ ಬಹಳ ಮಂದಿ ಗಮನಿಸುವುದಿಲ್ಲ. ಸದಾ ಆನ್ ಇರುವ ಸ್ನ್ಯಾಪ್‌ಗೆ ಬಿಂದು ಸಿಗದಿದ್ದರೆ ಅದು ತೆಪ್ಪಗೆ ಕರ್ಸರ್ ಇದ್ದ ಜಾಗವನ್ನೇ ಒಪ್ಪಿಕೊಳ್ಳುತ್ತದೆ. ನೀವೇ ಟೈಪ್ ಮಾಡಿದ ಸ್ನ್ಯಾಪ್ ಹಾಗಲ್ಲ, ಬಿಂದು ಸಿಗದಿದ್ದರೆ ಕ್ಲಿಕ್ಕನ್ನೇ ತಿರಸ್ಕರಿಸುತ್ತದೆ. ಆದ್ದರಿಂದ ಮುಖ್ಯ ಮೂಲೆಗಳಲ್ಲಿ ಲೈನ್ ಕಮಾಂಡ್ ಬಿಂದು ಕೇಳಿದಾಗ ಇ-ಎನ್-ಡಿ, ಎಂಟರ್, ಆಮೇಲೆ ಕ್ಲಿಕ್. ಲಂಬಕ್ಕೆ ಪಿ-ಇ-ಆರ್, ಸ್ಪರ್ಶಕ್ಕೆ ಟಿ-ಎ-ಎನ್. ಇದು ಒಂದು ಕ್ಲಿಕ್‌ಗಷ್ಟೇ ಅನ್ವಯ. ಕಮಾಂಡ್ ನಡೆಯದಿರುವಾಗ ಟೈಪಿಸಿದರೆ ಪ್ರಯೋಜನವಿಲ್ಲ. ಅಕ್ಷರ ನೆನಪಾಗದಿದ್ದರೆ ಶಿಫ್ಟ್ ಹಿಡಿದು ಬಲ ಕ್ಲಿಕ್ ಮಾಡಿ, ಪಟ್ಟಿ ಬರುತ್ತದೆ. ಗೆರೆಗಳು ಒತ್ತೊತ್ತಾಗಿರುವಲ್ಲಿ ಟ್ಯಾಬ್ ಒತ್ತುತ್ತಾ ಹೋದರೆ ಬಿಂದುಗಳು ಒಂದೊಂದಾಗಿ ಬದಲಾಗುತ್ತವೆ.

ಈಗಾಗಲೇ ಸಂದು ಬಿಟ್ಟುಹೋದ ಮೂಲೆಗೆ ಫಿಲೆಟ್ (ಎರಡು ಗೆರೆ ಕೂಡಿಸುವ ಕಮಾಂಡ್) ಸಾಕು: ಮೊದಲ ಗೆರೆ ಆರಿಸಿ, ಶಿಫ್ಟ್ ಹಿಡಿದು ಎರಡನೆಯದನ್ನು ಆರಿಸಿದರೆ ಎರಡೂ ಚೂಪಾಗಿ ಕೂಡುತ್ತವೆ.

ಪ್ರಶ್ನೆ: ಗೋಡೆ ಮೂಲೆಯಿಂದ 600 ಮಿ.ಮೀ. ಬಿಟ್ಟು ಕಿಟಕಿ ಶುರು ಮಾಡಲು ಪ್ರತಿಸಲ ಸಹಾಯಕ ಗೆರೆ ಎಳೆದು ಅಳಿಸಬೇಕೆ?

ಉತ್ತರ: ಬೇಡ. ಬಿಂದು ಕೇಳಿದಾಗ ಎಫ್-ಆರ್-ಒ (‘ಇಲ್ಲಿಂದ ಅಳೆ’ ಎಂದರ್ಥ), ಎಂಟರ್, ಇ-ಎನ್-ಡಿ, ಎಂಟರ್, ಮೂಲೆ ಕ್ಲಿಕ್, ನಂತರ @600,0 (ಬಲಕ್ಕೆ 600, ಮೇಲಕ್ಕೆ 0). ಆ @ ಬಿಟ್ಟರೆ ಲೆಕ್ಕ ಮೂಲೆಯಿಂದ ಆಗುವುದಿಲ್ಲ, ಡ್ರಾಯಿಂಗ್‌ನ ಮೂಲಬಿಂದುವಿನಿಂದ ಆಗುತ್ತದೆ. ಕಿಟಕಿ ಎಲ್ಲೋ ಹೋಗಿ ಬೀಳುತ್ತದೆ. ಕೋಣೆಯ ನಟ್ಟನಡುವೆ ಫ್ಯಾನ್ ಪಾಯಿಂಟ್ ಇಡಲು ಎಮ್-2-ಪಿ (ಎರಡು ಬಿಂದುಗಳ ನಡುಬಿಂದು) ಕೊಟ್ಟು ಎದುರುಬದುರು ಮೂಲೆಗಳನ್ನು ಹಿಡಿಯಿರಿ. ಕರ್ಣ ಎಳೆಯುವ ಕೆಲಸ ಉಳಿಯಿತು.

ಪ್ರಶ್ನೆ: ಎಫ್9 ಒತ್ತಿದ ಮೇಲೆ ಕರ್ಸರ್ ಕುಪ್ಪಳಿಸುತ್ತದೆ.

ಉತ್ತರ: ಅದು ಗ್ರಿಡ್ ಸ್ನ್ಯಾಪ್, ಕರ್ಸರನ್ನು ಸಮ ಅಂತರದ ಬಿಂದುಗಳ ಮೇಲಷ್ಟೇ ಓಡಿಸುತ್ತದೆ. ಮತ್ತೆ ಒತ್ತಿದರೆ ಹೋಗುತ್ತದೆ. ಆಬ್ಜೆಕ್ಟ್ ಸ್ನ್ಯಾಪ್‌ನ ಕೀ ಎಫ್3. ಲ್ಯಾಪ್‌ಟಾಪಿನಲ್ಲಿ ಎಫ್3 ಒತ್ತಿದರೆ ಧ್ವನಿಯೋ ಬೆಳಕೋ ಬದಲಾಗುತ್ತಿದ್ದರೆ ಎಫ್‌ಎನ್ ಕೀ ಜೊತೆಗೆ ಒತ್ತಿ.

ಪ್ರಶ್ನೆ: ಎಂಡ್‌ಪಾಯಿಂಟ್ ಸರಿಯಾಗಿ ಹಿಡಿದರೂ 3000 ಬರಬೇಕಾದ ದೂರ 3003.75 ಬರುತ್ತಿದೆ.

ಉತ್ತರ: ದೂರ ಅಳೆಯುವ ಡಿಸ್ಟ್ ಕಮಾಂಡಿನ ಉತ್ತರದಲ್ಲಿ ಡೆಲ್ಟಾ ಝಡ್ (ಎರಡು ತುದಿಗಳ ಎತ್ತರದ ವ್ಯತ್ಯಾಸ) ನೋಡಿ. 150 ಇದ್ದರೆ ಗುಟ್ಟು ಗೊತ್ತಾಯಿತು: ಒಂದು ತುದಿ ನೆಲದಲ್ಲಿದೆ, ಇನ್ನೊಂದು 150 ಮೇಲಿದೆ. ಮೇಲಿನಿಂದ ನೋಡುವಾಗ ಇದು ಕಾಣುವುದಿಲ್ಲ. ಬೇರೆಯವರು ಕಳಿಸಿದ ಸರ್ವೆ ಫೈಲಿನಲ್ಲಿ ಇದು ಮಾಮೂಲು. ಓಸ್ನ್ಯಾಪ್‌ಝಡ್ (OSNAPZ) ಎಂಬ ವೇರಿಯಬಲ್ಲಿಗೆ, ಅಂದರೆ ಸೆಟ್ಟಿಂಗಿಗೆ, 1 ಕೊಡಿ. ಮುಂದೆ ಹಿಡಿಯುವ ಬಿಂದುಗಳೆಲ್ಲ ನಿಮ್ಮ ಮಟ್ಟಕ್ಕೇ ಇಳಿಯುತ್ತವೆ. ಹಳೆಯ ಗೆರೆಗಳನ್ನು ಪ್ರಾಪರ್ಟೀಸ್‌ನಲ್ಲಿ ಸ್ಟಾರ್ಟ್ ಝಡ್, ಎಂಡ್ ಝಡ್ ಎರಡಕ್ಕೂ 0 ಕೊಟ್ಟು ಸರಿಪಡಿಸಿ. ಮೂರು ಆಯಾಮದ ಕೆಲಸಕ್ಕೆ ಮರಳುವಾಗ ವೇರಿಯಬಲ್ಲನ್ನು ಮತ್ತೆ 0 ಮಾಡಿ.